ಹುರಿದ ಊಲಾಂಗ್ ಚಹಾ: ರುಚಿ, ಹದ ಮತ್ತು ಹೃದಯ



"ಊಲಾಂಗ್ ಚಹಾ ಕುಡಿದರೆ ರಕ್ತನಾಳದ ಕೊಬ್ಬು ಕರಗುತ್ತದಂತೆ. ಕೊಲೆಸ್ಟ್ರಾಲ್ ಮಾತ್ರೆ ಬಿಡಬಹುದಾ ಡಾಕ್ಟ್ರೇ?" ಈ ಪ್ರಶ್ನೆ ಈಗ ಆಗಾಗ ಬರುತ್ತಿದೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಬಿಡಬಾರದು. ಕಟ್ಟಿಕೊಂಡ ಕೊಬ್ಬನ್ನು ಯಾವ ಚಹಾವೂ ಕರಗಿಸುವುದಿಲ್ಲ. ಹಾಗೆಂದು ಈ ಚಹಾ ಕೆಟ್ಟದ್ದಲ್ಲ. ಸರಿಯಾಗಿ ತಿಳಿದು ಕುಡಿಯೋಣ.

*ಏನಿದು ಊಲಾಂಗ್?*
ಹಸಿರು ಚಹಾ, ನಾವು ಹಾಲು ಹಾಕಿ ಕುಡಿಯುವ ಚಹಾ, ಊಲಾಂಗ್ ಮೂರೂ ಒಂದೇ ಜಾತಿಯ ಗಿಡದ ಎಲೆ. ಹೆಚ್ಚಿಟ್ಟ ಬದನೆಕಾಯಿ ಗಾಳಿ ತಾಗಿ ಕಪ್ಪಾಗುವಂತೆ, ಬಾಡಿಸಿ ಅಲುಗಿಸಿದ ಚಹಾ ಎಲೆಯೂ ಕಂದಾಗುತ್ತದೆ. ಹಸಿರು ಚಹಾದಲ್ಲಿ ಇದನ್ನು ಮೊದಲೇ ತಡೆಯುತ್ತಾರೆ. ನಮ್ಮ ಚಹಾದಲ್ಲಿ ಪೂರ್ತಿ ಬಿಡುತ್ತಾರೆ. ಊಲಾಂಗ್‌ನಲ್ಲಿ ನಡುವೆಯೇ ಬಿಸಿ ಮಾಡಿ ನಿಲ್ಲಿಸುತ್ತಾರೆ.

ಚೀನಾದ ಫುಜಿಯಾನ್ ಪ್ರಾಂತ್ಯದ ವುಯಿ ಬೆಟ್ಟಗಳಲ್ಲಿ ಬಂಡೆಗಳ ನಡುವೆ ಬೆಳೆಯುವುದಕ್ಕೆ 'ಬಂಡೆ ಚಹಾ' ಎಂದೇ ಹೆಸರು. ಅದರಲ್ಲಿ 'ದಾ ಹೊಂಗ್ ಪಾವ್' ಹೆಸರುವಾಸಿ. ಬೂದಿ ಮುಚ್ಚಿದ ಇದ್ದಿಲ ಕೆಂಡದ ಮೇಲೆ, ಬಿದಿರು ಬುಟ್ಟಿಯಲ್ಲಿ ಗಂಟೆಗಟ್ಟಲೆ ನಿಧಾನವಾಗಿ ಹುರಿಯುತ್ತಾರೆ. ಹಸಿ ವಾಸನೆ ಹೋಗಿ, ಹುರಿದ ಕಾಳಿನ ಘಮ, ಕಾಸಿದ ಬೆಲ್ಲದಂಥ ಸಿಹಿ ಬರುತ್ತದೆ.

*ಮಾಡುವ ವಿಧಾನ*
1. ಎಲೆಯನ್ನು ಕುದಿಸಬೇಡಿ. ಆಗಷ್ಟೇ ಕುದಿದ ನೀರು ಸುರಿಯಿರಿ.
2. ಪಾತ್ರೆಯನ್ನು ಮೊದಲು ಬಿಸಿನೀರಿನಲ್ಲಿ ತೊಳೆಯಿರಿ.
3. 200 ಮಿ.ಲೀ. ನೀರಿಗೆ 3 ಗ್ರಾಂ ಎಲೆ ಹಾಕಿ, 2-3 ನಿಮಿಷ ಮುಚ್ಚಿಟ್ಟು ಸೋಸಿ.
4. ಅದೇ ಎಲೆಗೆ ಇನ್ನೆರಡು ಸಲ ನೀರು ಹಾಕಬಹುದು. ಪ್ರತಿ ಸಲ ಒಂದು ನಿಮಿಷ ಹೆಚ್ಚು ಬಿಡಿ.
5. ಹಾಲು, ಸಕ್ಕರೆ ಬೇಡ.

ಚೀನಾದವರು ಪುಟ್ಟ ಪಾತ್ರೆಯಲ್ಲಿ 100 ಮಿ.ಲೀ.ಗೆ 5-6 ಗ್ರಾಂ ಎಲೆ ಹಾಕಿ, 10-20 ಸೆಕೆಂಡಿಗೇ ಬಗ್ಗಿಸಿ, ಆರೇಳು ಸಲ ಸವಿಯುತ್ತಾರೆ.

ಮುಂಬೈ, ಚೆನ್ನೈಯ ತೇವದ ಹವೆಗೆ ಎಲೆ ಬೇಗ ಮೆತ್ತಗಾಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ, ಮಸಾಲೆ ಡಬ್ಬಿಗಳಿಂದ ದೂರ ಇಡಿ.

*ಹೃದಯಕ್ಕೆ ನಿಜವಾದ ಲಾಭ*
ದಿನಕ್ಕೆ ನಾಲ್ಕು ಕಪ್ ಚಹಾ, ಕಪ್ಪಿಗೆ ಎರಡು ಚಮಚ ಸಕ್ಕರೆ ಎಂದಿಟ್ಟುಕೊಳ್ಳಿ. ಚಮಚಕ್ಕೆ 4 ಗ್ರಾಂ ಲೆಕ್ಕದಲ್ಲಿ 32 ಗ್ರಾಂ ಆಯಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಉತ್ತಮ ಮಿತಿ ಇಡೀ ದಿನಕ್ಕೆ ಸುಮಾರು 25 ಗ್ರಾಂ! ಇದರಲ್ಲಿ ಎರಡು ಕಪ್ಪಿನ ಜಾಗಕ್ಕೆ ಸಕ್ಕರೆಯಿಲ್ಲದ ಊಲಾಂಗ್ ಬಂದರೆ 16 ಗ್ರಾಂ ಉಳಿಯಿತು. ಲಾಭ ಇರುವುದು ಇಲ್ಲಿ, ಪವಾಡದಲ್ಲಲ್ಲ.

*ಎಚ್ಚರಿಕೆ*
• ಹುರಿದರೂ ಕೆಫೀನ್ ಉಳಿದಿರುತ್ತದೆ. ನಿದ್ದೆ ಬಾರದವರು, ಎದೆ ಡವಗುಟ್ಟುವವರು ಮಧ್ಯಾಹ್ನದ ನಂತರ ಕುಡಿಯಬೇಡಿ.
• ಬಸುರಿಯರಿಗೆ ಚಹಾ-ಕಾಫಿ ಎಲ್ಲ ಸೇರಿ ಕೆಫೀನ್ 200 ಮಿ.ಗ್ರಾಂ ದಾಟಬಾರದು.
• ರಕ್ತಹೀನತೆ ಇದ್ದವರು ಊಟಕ್ಕೂ ಚಹಾಕ್ಕೂ ಒಂದು ಗಂಟೆ ಅಂತರವಿಡಿ. ಚಹಾ ಕಬ್ಬಿಣಾಂಶ ಹೀರಿಕೆಯನ್ನು ತಗ್ಗಿಸುತ್ತದೆ.
• ಥೈರಾಯ್ಡ್, ಬಿ.ಪಿ., ಯಾವ ಮಾತ್ರೆಯಾದರೂ ನೀರಿನಲ್ಲೇ ನುಂಗಿ.
• ಸುಡುಸುಡು ಕುಡಿಯಬೇಡಿ. 65 ಡಿಗ್ರಿಗಿಂತ ಬಿಸಿಯಾದ ಪಾನೀಯ ಅನ್ನನಾಳಕ್ಕೆ ಒಳ್ಳೆಯದಲ್ಲ.

ಊರಿನಲ್ಲಿರುವ ಅಪ್ಪ-ಅಮ್ಮನಿಗೆ ಫೋನ್ ಮಾಡಿದಾಗ ಒಂದು ಮಾತು ಕೇಳಿ: "ಮಾತ್ರೆ ಬಿಟ್ಟಿಲ್ಲ ತಾನೇ?" ಸ್ಟೆಂಟ್ ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಿದರೆ ಸ್ಟೆಂಟಿನಲ್ಲೇ ರಕ್ತ ಹೆಪ್ಪುಗಟ್ಟಬಹುದು. ಚಹಾ ಚಹಾದ ಜಾಗದಲ್ಲಿರಲಿ, ಔಷಧ ಔಷಧದ ಜಾಗದಲ್ಲಿರಲಿ.

ಉಪಯುಕ್ತ ಎನಿಸಿದರೆ ನಿಮ್ಮವರಿಗೂ ಕಳುಹಿಸಿ. 🙏