ಬೂದಿ ಮುಚ್ಚಿದ ಕೆಂಡ: ಸ್ತರಜ್ವಾಲಾಮುಖಿಗಳ ವಿಚಾರ

ಒಳಗೆ ಕೋಪವನ್ನಡಗಿಸಿಕೊಂಡು ಹೊರಗೆ ಶಾಂತನಾಗಿ ತೋರುವವನನ್ನು ‘ಬೂದಿ ಮುಚ್ಚಿದ ಕೆಂಡ’ವೆನ್ನುವುದು ನಮ್ಮಲ್ಲಿ ರೂಢಿ. ಈ ನುಡಿಗಟ್ಟು ಅಕ್ಷರಶಃ ಸಲ್ಲುವ ಪರ್ವತಗಳು ಭೂಮಂಡಲದಲ್ಲಿ ನೂರಾರಿವೆ. ಭೂವಿಜ್ಞಾನಿಗಳು ಅವನ್ನು ಸ್ತರಜ್ವಾಲಾಮುಖಿಗಳೆಂದು ಕರೆಯುತ್ತಾರೆ. ‘ಸ್ತರ’ವೆಂಬುದು ಹರಡು, ಹಾಸು ಎಂಬರ್ಥದ ‘ಸ್ತೃ’ ಧಾತುವಿನಿಂದ ನಿಷ್ಪನ್ನವಾದ ಶಬ್ದ. ಪಾಶ್ಚಾತ್ಯರು ಬಳಸುವ ‘ಸ್ಟ್ರಾಟಮ್’ ಎಂಬ ಲ್ಯಾಟಿನ್ ಪದವೂ ಇದರ ಜ್ಞಾತಿಯೇ. ಒಮ್ಮೆ ಬೂದಿ ಮತ್ತು ಕಲ್ಲುಚೂರು, ಇನ್ನೊಮ್ಮೆ ಲಾವಾ ಎಂಬಂತೆ ಪದರದ ಮೇಲೆ ಪದರ ಹಾಸಿಕೊಂಡು ಸಾವಿರಾರು ವರ್ಷಗಳಲ್ಲಿ ಬೆಳೆದು ನಿಂತ ಪರ್ವತವೆಂಬುದೇ ಈ ಹೆಸರಿನ ಅರ್ಥ.

ಜಪಾನಿನ 3,776 ಮೀಟರ್ ಎತ್ತರದ ಫ್ಯೂಜಿ, ಇಟಲಿಯ ವೆಸೂವಿಯಸ್, ಫಿಲಿಪ್ಪೀನ್ಸಿನ ಮಯೋನ್, ಜಾವಾದ ಮೆರಾಪಿ, ಈಕ್ವೆಡಾರಿನ ಕೋಟೋಪಾಕ್ಸಿ ಇವೆಲ್ಲ ಈ ಜಾತಿಗೆ ಸೇರಿದವು. ತಳದಲ್ಲಿ ವಿಶಾಲವಾಗಿ, ಮೇಲೇರಿದಂತೆ ಕಡಿದಾಗಿ, ಶಿಖರದಲ್ಲಿ ಮೊನಚಾಗುವ ಇವುಗಳ ಆಕಾರ ಅತ್ಯಂತ ಮನೋಹರ. ಆದರೆ ಈ ಸೌಂದರ್ಯಕ್ಕೂ ಇವುಗಳ ಉಗ್ರತೆಗೂ ಕಾರಣವೊಂದೇ. ಅದನ್ನು ಮೊದಲು ತಿಳಿಯಬೇಕು.

ಭೂಮಿಯ ಹೊರಕವಚವು ಹಲವು ಫಲಕಗಳಾಗಿ ಒಡೆದಿದೆಯಷ್ಟೆ. ಸಾಗರತಳದ ಫಲಕವೊಂದು ಮತ್ತೊಂದರ ಅಡಿಗೆ ನುಸುಳಿ ಸುಮಾರು ನೂರು ಕಿಲೋಮೀಟರು ಆಳಕ್ಕಿಳಿದಾಗ, ಅದರ ಖನಿಜಗಳಲ್ಲಿ ಸೇರಿಕೊಂಡಿದ್ದ ನೀರು ಹೊರಬೀಳುತ್ತದೆ. ಆ ನೀರು ಮೇಲಿನ ಬಿಸಿ ಶಿಲೆಯೊಡನೆ ಕೂಡಿದಾಗ ಶಿಲೆಯ ಕರಗುವ ಉಷ್ಣತೆ ಇಳಿದು ಶಿಲಾಪಾಕ ಉಂಟಾಗುತ್ತದೆ. ಶಾಂತಸಾಗರದ ಅಂಚಿನುದ್ದಕ್ಕೂ ಸುಮಾರು 40,000 ಕಿಲೋಮೀಟರುಗಳಷ್ಟು ಹಬ್ಬಿರುವ ‘ಅಗ್ನಿವಲಯ’ದಲ್ಲಿ ಈ ಪರ್ವತಗಳು ಸಾಲುಗಟ್ಟಿ ನಿಂತಿರುವುದಕ್ಕೆ ಇದೇ ಹೇತು.

ಪಾಕವೆಂಬ ಮಾತು ಇಲ್ಲಿ ಸಾರ್ಥಕವಾಗಿದೆ. ಬೆಲ್ಲದ ಎಳೆಪಾಕವನ್ನು ತಟ್ಟೆಗೆ ಸುರಿದರೆ ತೆಳ್ಳಗೆ ಹರಿದುಹೋಗುತ್ತದೆ. ಗಟ್ಟಿಪಾಕವು ಬಿದ್ದಲ್ಲಿಯೇ ಗುಡ್ಡೆಗಟ್ಟುತ್ತದೆ. ಶಿಲಾಪಾಕದಲ್ಲಿ ಸಿಲಿಕಾ ಹೆಚ್ಚಿದಂತೆ ಅದು ಗಟ್ಟಿಯಾಗುತ್ತದೆ. ಬಸಾಲ್ಟಿನಲ್ಲಿ ಸಿಲಿಕಾ ನೂರಕ್ಕೆ ಸುಮಾರು 50 ಭಾಗ. ಆಂಡೀಸ್ ಪರ್ವತಗಳಿಂದ ಹೆಸರು ಪಡೆದ ಆಂಡಿಸೈಟಿನಲ್ಲಿ ಸುಮಾರು 60 ಭಾಗ. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ ಸೀಮೆಯ ಎರೆಭೂಮಿಯ ಅಡಿಯಲ್ಲಿರುವ ಕರಿಕಲ್ಲು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಹೊರಟು ಹರಿದ ಬಸಾಲ್ಟು. ತೆಳುವಾಗಿದ್ದುದರಿಂದ ಅದು ಶಿಖರವಾಗದೆ ಬಯಲಾಗಿ ಹರಡಿತು. ಸ್ತರಜ್ವಾಲಾಮುಖಿಯ ಪಾಕವು ಹಾಗೆ ಹರಿಯದು; ಆದುದರಿಂದಲೇ ಅದರ ಇಳಿಜಾರು ಕಡಿದು.

ಈ ಗಟ್ಟಿಪಾಕದಲ್ಲಿ ನೀರಾವಿ ಮೊದಲಾದ ಅನಿಲಗಳು ಕರಗಿರುತ್ತವೆ. ಪಾಕ ಮೇಲೇರಿ ಒತ್ತಡ ತಗ್ಗಿದೊಡನೆ, ಬಿರಡೆ ತೆಗೆದ ಸೋಡಾ ಬಾಟಲಿಯಲ್ಲಿರುವಂತೆ, ಅವು ಗುಳ್ಳೆಗಳಾಗಿ ಉಬ್ಬುತ್ತವೆ. ತೆಳುಪಾಕದಿಂದ ಅವು ಸುಲಭವಾಗಿ ಹೊರಬೀಳುತ್ತವೆ. ಗಟ್ಟಿಪಾಕದಲ್ಲಿ ಸಿಕ್ಕಿಕೊಂಡು ಕಡೆಗೆ ಪಾಕವನ್ನೇ ಪುಡಿಪುಡಿಯಾಗಿ ಸಿಡಿಸುತ್ತವೆ. ಆ ಪುಡಿಯೇ ಜ್ವಾಲಾಮುಖಿಯ ಬೂದಿ. ಇದು ಸೌದೆಯ ಬೂದಿಯಲ್ಲ, ಕಲ್ಲು ಮತ್ತು ಗಾಜಿನ ನುಣುಪು ಚೂರ್ಣ. ಬಿಸಿ ಬೂದಿ ಮತ್ತು ಅನಿಲಗಳು ಒಂದಾಗಿ ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದಿಂದ ಇಳಿಜಾರಿನಲ್ಲಿ ಧಾವಿಸುವುದುಂಟು. 1902ರ ಮೇ 8ರಂದು ಮಾರ್ಟಿನೀಕ್ ದ್ವೀಪದ ಪೆಲೇ ಪರ್ವತದಿಂದ ಇಳಿದ ಇಂಥ ಪ್ರವಾಹವು ಸೇಂಟ್ ಪಿಯರ್ ನಗರವನ್ನು ನಿಮಿಷಗಳಲ್ಲಿ ಸುಟ್ಟಿತು. ಸತ್ತವರು ಸುಮಾರು 28,000 ಮಂದಿ.

ಇಷ್ಟೆಲ್ಲ ಆದರೂ ಜನರು ಈ ಪರ್ವತಗಳ ಬುಡದಲ್ಲಿಯೇ ವಾಸಿಸುತ್ತಾರೆ. ಬೂದಿ ಶಿಥಿಲವಾಗಿ ಫಲವತ್ತಾದ ಮಣ್ಣಾಗುತ್ತದೆ. ಎರಡು ಸ್ಫೋಟಗಳ ನಡುವಣ ಮೌನವು ಮನುಷ್ಯನ ಆಯುಸ್ಸನ್ನು ಮೀರುವುದರಿಂದ, ಅಜ್ಜ ಕಂಡದ್ದು ಮರಿಮಗನಿಗೆ ತಿಳಿದಿರುವುದಿಲ್ಲ. ಫ್ಯೂಜಿ ಕೊನೆಯ ಬಾರಿ ಸಿಡಿದುದು 1707ರಲ್ಲಿ. ನಮ್ಮ ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪವೂ ಸ್ತರಜ್ವಾಲಾಮುಖಿಯೇ. ಅದು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಸುಮ್ಮನಿದ್ದು 1991ರಲ್ಲಿ ಮತ್ತೆ ಎಚ್ಚೆತ್ತಿತು. ಅಲ್ಲಿ ಜನವಸತಿಯಿಲ್ಲದಿರುವುದು ನಮ್ಮ ಭಾಗ್ಯ.

ಜನವಸತಿಯಿರುವಲ್ಲಿ ತಿಳಿವಳಿಕೆಯೊಂದೇ ರಕ್ಷೆ ಎಂಬುದನ್ನು ಎರಡು ಘಟನೆಗಳಿಂದ ಮನಗಾಣಬಹುದು. ಕೊಲಂಬಿಯಾ ದೇಶದ ನೆವಾಡೋ ಡೆಲ್ ರೂಯಿಸ್ 5,300 ಮೀಟರಿಗೂ ಎತ್ತರವಾದ ಹಿಮಾಚ್ಛಾದಿತ ಸ್ತರಜ್ವಾಲಾಮುಖಿ. 1595ರಲ್ಲಿಯೂ 1845ರಲ್ಲಿಯೂ ಅಲ್ಲಿಂದ ಕೆಸರಿನ ಮಹಾಪೂರ ಇಳಿದಿತ್ತು. ಆ ಕೆಸರು ಹಾಸಿದ ನೆಲದ ಮೇಲೆಯೇ ಮುಂದೆ ಆರ್ಮೇರೋ ಎಂಬ ಪಟ್ಟಣ ಬೆಳೆಯಿತು. 1985ರಲ್ಲಿ ಪರ್ವತವು ಮತ್ತೆ ಹೊಗೆಯಾಡಿದಾಗ ವಿಜ್ಞಾನಿಗಳು ಅಪಾಯದ ನಕಾಶೆಯನ್ನು ರಚಿಸಿ, ಅದರಲ್ಲಿ ಆರ್ಮೇರೋವನ್ನೂ ಗುರುತಿಸಿದ್ದರು. ನವೆಂಬರ್ 13ರ ಸಂಜೆ ಬೂದಿ ಉದುರಿದರೂ ಜನರಿಗೆ ಶಾಂತರಾಗಿ ಮನೆಯಲ್ಲಿರುವಂತೆ ಹೇಳಲಾಯಿತು. ರಾತ್ರಿ ಒಂಬತ್ತು ಗಂಟೆಯ ಬಳಿಕ ಸ್ಫೋಟವಾಯಿತು. ಅದು ದೊಡ್ಡದೇನೂ ಆಗಿರಲಿಲ್ಲ. ಆದರೆ ಕರಗಿದ ಹಿಮವು ಬೂದಿ ಬಂಡೆಗಳನ್ನು ಕೂಡಿಕೊಂಡು ಕಣಿವೆಗಳಲ್ಲಿ ಸುಮಾರು 70 ಕಿಲೋಮೀಟರು ಹರಿದು ಹನ್ನೊಂದೂವರೆಯ ವೇಳೆಗೆ ಪಟ್ಟಣವನ್ನು ಮುಚ್ಚಿತು. ಒಟ್ಟು ಸುಮಾರು 23,000 ಜನ ಮಡಿದರು. ಎರಡು ಗಂಟೆಗೂ ಹೆಚ್ಚು ಅವಕಾಶವಿತ್ತು. ಎತ್ತರದ ನೆಲ ಸಮೀಪದಲ್ಲಿಯೇ ಇತ್ತು. ನಕಾಶೆಯಲ್ಲಿದ್ದ ಜ್ಞಾನವು ಜನರ ಕಾಲಿಗೆ ಇಳಿಯಲಿಲ್ಲ.

ಈ ದುರಂತವು ಮೋರಿಸ್ ಕ್ರಾಫ್ಟ್ ಮತ್ತು ಕಾಟ್ಯಾ ಕ್ರಾಫ್ಟ್ ಎಂಬ ಫ್ರೆಂಚ್ ದಂಪತಿಗಳ ಮನಸ್ಸನ್ನು ಕಲಕಿತು. ಜ್ವಾಲಾಮುಖಿಗಳ ಅಧ್ಯಯನಕ್ಕೆ ಬಾಳನ್ನೇ ಮೀಸಲಿಟ್ಟಿದ್ದ ಅವರು, ಬೂದಿಪ್ರವಾಹ, ಕೆಸರುಪ್ರವಾಹಗಳೆಂದರೇನೆಂಬುದನ್ನು ಸಾಮಾನ್ಯನಿಗೂ ಕಣ್ಣಾರೆ ತೋರಿಸುವ ಚಲನಚಿತ್ರವನ್ನು ಸಿದ್ಧಪಡಿಸಿದರು. 1991ರಲ್ಲಿ ಫಿಲಿಪ್ಪೀನ್ಸಿನ ಪಿನಟೂಬೋ ಸುಮಾರು 500 ವರ್ಷಗಳ ನಿದ್ರೆಯಿಂದ ಎಚ್ಚೆತ್ತಾಗ, ಅದು ಜ್ವಾಲಾಮುಖಿಯೆಂಬುದನ್ನೇ ಅನೇಕರು ನಂಬಲಿಲ್ಲ. ಆ ದೇಶದ ಮತ್ತು ಅಮೆರಿಕದ ವಿಜ್ಞಾನಿಗಳು ಒಂದೆಡೆ ನೆಲದ ಕಂಪನಗಳನ್ನು ಅಳೆಯುತ್ತ, ಇನ್ನೊಂದೆಡೆ ಆ ಚಿತ್ರವನ್ನು ಅಧಿಕಾರಿಗಳಿಗೂ ಊರವರಿಗೂ ತೋರಿಸಿದರು. ಕಂಡವರು ನಂಬಿದರು, ಹತ್ತಾರು ಸಾವಿರ ಜನ ಸ್ಥಳಾಂತರಗೊಂಡರು. ಜೂನ್ 15ರಂದು ಇಪ್ಪತ್ತನೆಯ ಶತಮಾನದ ಎರಡನೆಯ ಅತಿದೊಡ್ಡ ಸ್ಫೋಟ ಸಂಭವಿಸಿ, ಬೂದಿ ಸುಮಾರು 35 ಕಿಲೋಮೀಟರು ಎತ್ತರಕ್ಕೆ ಚಿಮ್ಮಿತು. ಅದೇ ದಿನ ಬಂದ ಚಂಡಮಾರುತದ ಮಳೆಯಲ್ಲಿ ನೆನೆದ ಬೂದಿಯ ಭಾರಕ್ಕೆ ಛಾವಣಿಗಳು ಕುಸಿದು ನೂರಾರು ಮಂದಿ ಸತ್ತರು. ಆದರೂ ಮುನ್ನೆಚ್ಚರಿಕೆಯಿಂದ ಉಳಿದ ಜೀವಗಳು ಕನಿಷ್ಠ 5,000 ಎಂದು ಅಂದಾಜು.

ಕ್ರಾಫ್ಟ್ ದಂಪತಿಗಳು ಇದನ್ನು ಕಾಣಲಿಲ್ಲ. ಹನ್ನೆರಡು ದಿನಗಳ ಹಿಂದೆ, ಜೂನ್ 3ರಂದು, ಜಪಾನಿನ ಉನ್ಜೆನ್ ಪರ್ವತದ ಬೂದಿಪ್ರವಾಹಕ್ಕೆ ಸಿಲುಕಿ ಅವರು ತೀರಿಕೊಂಡಿದ್ದರು. ಅಂದು ಅಲ್ಲಿ ಮೃತರಾದವರು 43 ಮಂದಿ.

ಪಾಠ ಹೇಳುವ ವೃತ್ತಿಯವರಾದ ನಾವು ಈ ವೃತ್ತಾಂತವನ್ನು ವಿಶೇಷವಾಗಿ ಚಿಂತಿಸಬೇಕು. ಆರ್ಮೇರೋದಲ್ಲಿ ಇಲ್ಲದೆ ಪಿನಟೂಬೋದಲ್ಲಿ ಇದ್ದದ್ದು ಹೊಸ ಶಾಸ್ತ್ರವಲ್ಲ. ತಿಳಿದವರ ತಿಳಿವನ್ನು ತಿಳಿಯದವರ ಮನಸ್ಸಿಗೆ ಮುಟ್ಟಿಸುವ ಸಾಧನ. ಭೂಗೋಳದ ತರಗತಿಯಲ್ಲಿ ಸ್ತರಜ್ವಾಲಾಮುಖಿಯ ಲಕ್ಷಣವನ್ನು ಬಾಯಿಪಾಠ ಮಾಡಿಸುವುದಕ್ಕಿಂತ, ಎರಡು ಬಗೆಯ ಬೆಲ್ಲದ ಪಾಕವನ್ನೂ ಒಂದು ಸೋಡಾ ಬಾಟಲಿಯನ್ನೂ ಮೇಜಿನ ಮೇಲಿಟ್ಟು ತೋರಿಸುವುದು ಲೇಸು. ಕಂಡು ಕಲಿತದ್ದನ್ನು ಮಕ್ಕಳು ಮರೆಯುವುದಿಲ್ಲ.