ಹಿಂದಿನ ಸೀಟಿನಿಂದ ಮುಕ್ತಿನಾಥ

ಹೊಸಪೇಟೆಯಿಂದ ನೇಪಾಳದ ಮುಕ್ತಿನಾಥಕ್ಕೆ ಬೈಕಿನಲ್ಲೇ ಹೋಗಿಬಂದೆವು ಅಂದರೆ ಜನ ನಮ್ಮ ಮನೆಯವರ ಕಡೆ ತಿರುಗುತ್ತಾರೆ. ಯಾವ ಗಾಡಿ, ಎಷ್ಟು ಸಿಸಿ, ಮೈಲೇಜ್ ಎಷ್ಟು ಕೊಟ್ಟಿತು ಎಂದು ಅವರನ್ನು ಕೇಳುತ್ತಾರೆ. ನನ್ನನ್ನು ಕೇಳುವುದು ಒಂದೇ: ಸೊಂಟ ನೋಯಲಿಲ್ಲವಾ? ಆದರೆ ಅಷ್ಟು ದೂರದ ದಾರಿಯಲ್ಲಿ ಕಾಗದ, ದುಡ್ಡು, ಹೊತ್ತು, ರಾತ್ರಿಯ ಬಿಡಾರ ಎಲ್ಲವನ್ನೂ ನೋಡಿಕೊಂಡವಳು ಹಿಂದೆ ಕೂತವಳು. ಮುಂದೆ ಕೂತವರ ಕಣ್ಣು ರಸ್ತೆಯ ಮೇಲಿರಬೇಕು, ಉಳಿದದ್ದಕ್ಕೆಲ್ಲ ಹಿಂದಿನವರ ತಲೆ ಓಡಬೇಕು. ಆ ಸೀಟಿನಿಂದ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಹೊರಡಬೇಕೆಂದಿರುವ ದಂಪತಿಗಳು, ಅದರಲ್ಲೂ ಹೆಂಗಸರು ಓದಲಿ ಎಂಬುದು ನನ್ನ ಆಸೆ.

1. ಹಿಮಾಲಯಕ್ಕೆ ಮೊದಲು ಸಂಡೂರು. ಸಾಮಾನೆಲ್ಲ ಕಟ್ಟಿಕೊಂಡು ಇಬ್ಬರೂ ಕೂತು ಕುಮಾರಸ್ವಾಮಿ ಬೆಟ್ಟದ ದಾರಿಯನ್ನು ಹತ್ತಿ ಇಳಿಯಿರಿ. ಒಬ್ಬರೇ ಹೋಗುವಾಗಿನ ಗಾಡಿಯೇ ಬೇರೆ, ಇಬ್ಬರು ಕೂತು ಹಿಂದೆ ಚೀಲ ಬಿಗಿದಾಗಿನ ಗಾಡಿಯೇ ಬೇರೆ. ಹಿಂದಿನ ಟೈರಿಗೆ ಇಬ್ಬರ ಲೆಕ್ಕದ ಗಾಳಿ ಹಾಕಿಸಬೇಕು, ಹಿಂದಿನ ಶಾಕ್ ಅಬ್ಸಾರ್ಬರ್ ಬಿಗಿ ಮಾಡಿಸಬೇಕು, ಚೈನನ್ನು ಮೆಕ್ಯಾನಿಕ್ ಹತ್ತಿರ ಇಬ್ಬರೂ ಕೂತೇ ತೋರಿಸಬೇಕು. ಭಾರದ ಸಾಮಾನು ಕೆಳಗೆ ಬರಲಿ. ಇಳಿಜಾರಿನಲ್ಲಿ ಗೇರ್ ಇಳಿಸಿ ಎಂಜಿನ್ನಿನಿಂದಲೇ ವೇಗ ಹಿಡಿಯುವುದನ್ನು ಮುಂದೆ ಕೂತವರು ರೂಢಿಸಿಕೊಳ್ಳಲಿ. ಬ್ರೇಕನ್ನೇ ಒತ್ತುತ್ತಾ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ.

ಹಿಂದೆ ಕೂತವರು ಕಲಿಯಬೇಕಾದದ್ದೂ ಇಲ್ಲೇ ಇದೆ. ಎಡ ತಿರುವಿಗೆ ಮುಂದಿನವರ ಎಡ ಭುಜದ ಮೇಲಿಂದ, ಬಲ ತಿರುವಿಗೆ ಬಲ ಭುಜದ ಮೇಲಿಂದ ರಸ್ತೆ ನೋಡಿ. ಮೈ ತಾನಾಗಿಯೇ ಗಾಡಿಯ ಜೊತೆ ವಾಲುತ್ತದೆ. ಹೆದರಿ ಎದುರು ದಿಕ್ಕಿಗೆ ವಾಲಿದರೆ ಗಾಡಿ ತಿರುವಿನಿಂದ ಆಚೆ ಜಗ್ಗುತ್ತದೆ. ಇನ್ನು ಅದಿರು ಲಾರಿಗಳು. ಅವುಗಳ ಕೆಂಧೂಳಿನಲ್ಲಿ ಮುಂದೇನಿದೆ ಎಂಬುದೇ ಕಾಣುವುದಿಲ್ಲ, ಆಗ ಹಿಂದೆ ಸರಿದು ಧೂಳು ಇಳಿಯುವವರೆಗೆ ಕಾಯಬೇಕು. ನೇಪಾಳದಲ್ಲಿ ಬೇನಿಯಿಂದ ಜೋಮ್‌ಸೋಮ್ ಕಡೆಗೆ ಹತ್ತುವಾಗ ಬಸ್ಸು, ಟಿಪ್ಪರುಗಳ ಹಿಂದೆ ನಾವು ಹಾಗೇ ಕಾದೆವು. ಆ ತಾಳ್ಮೆ ಕಲಿಸಿದ್ದು ಸಂಡೂರು.

2. ಹಂಪಿಯಲ್ಲಿ ನಿಧಾನ ಕಲಿಯಿರಿ. ಕಮಲಾಪುರದಿಂದ ಹಂಪಿಗೆ ಹೋಗುವ ದಾರಿಯಲ್ಲಿ ಪ್ರವಾಸಿಗರ ಬಸ್ಸು, ಆಟೊ, ಸೈಕಲ್ಲು, ಕುರಿಹಿಂಡು ಎಲ್ಲ ಇರುತ್ತವೆ. ಕಾಲೂರದೆ ನಡಿಗೆಯ ವೇಗದಲ್ಲಿ ಗಾಡಿ ಓಡಿಸಲು, ಒಂದೇ ಸಲಕ್ಕೆ ತಿರುಗಿಸಲು ಬಂದರೆ ಘಾಟಿಯ ಹೇರ್‌ಪಿನ್‌ಗಳಿಗೆ ಅಂಜಬೇಕಿಲ್ಲ. ಸನ್ನೆಗಳನ್ನೂ ಅಲ್ಲೇ ಗೊತ್ತು ಮಾಡಿಕೊಳ್ಳಿ. ನಮ್ಮಲ್ಲಿ ಭುಜಕ್ಕೆ ಒಂದು ತಟ್ಟು ಅಂದರೆ ನಿಧಾನ, ಎರಡು ಅಂದರೆ ನಿಲ್ಲಿಸಬೇಕು. ಎರಡು ತಟ್ಟಿದ ಮೇಲೆ ‘ಯಾಕ’ ಎಂಬ ಪ್ರಶ್ನೆ ಗಾಡಿ ನಿಂತ ನಂತರವೇ.

3. ಕಂಪ್ಲಿ ಸೇತುವೆಯನ್ನು ನೆನಪಿಡಿ. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ಕಡಿದಾಗ ಹೊಳೆದಂಡೆಯ ಊರುಗಳೆಲ್ಲ ಎಚ್ಚರದಲ್ಲಿದ್ದವು. ಹೊಳೆಯ ಪಕ್ಕದಲ್ಲಿ ಬದುಕುವ ನಾವು ‘ಇವತ್ತು ದಾರಿ ಇದೆಯಾ’ ಎಂದು ಕೇಳಿಕೊಂಡೇ ಹೊರಡುತ್ತೇವೆ. ನೇಪಾಳದಲ್ಲೂ ಹಾಗೇ ಮಾಡಬೇಕು. ಬುಟ್ವಲ್ ದಾಟಿ ಪಾಲ್ಪಾ ಕಡೆ ಹತ್ತುವ ಸಿದ್ಧಬಾಬಾ ಭಾಗದಲ್ಲಿ ಮಳೆಗಾಲದಲ್ಲಿ ಗುಡ್ಡ ಕುಸಿಯುತ್ತದೆ, ಕಲ್ಲು ಉರುಳುತ್ತವೆ. ಬೆಳಿಗ್ಗೆ ಚಹದಂಗಡಿಯಲ್ಲಿ ಬಸ್ ಚಾಲಕರನ್ನು ಕೇಳಿದರೆ ಫೋನಿನ ನಕ್ಷೆಗಿಂತ ಸರಿಯಾದ ಉತ್ತರ ಸಿಗುತ್ತದೆ.

4. ಕಾಗದದ ಚೀಲ ಹಿಂದೆ ಕೂತವರ ಹೆಗಲಿಗೆ. ಬಳ್ಳಾರಿ, ಗುತ್ತಿ, ಹೈದರಾಬಾದ್, ನಾಗಪುರ, ಜಬಲ್ಪುರ, ಪ್ರಯಾಗರಾಜ್, ಗೋರಖಪುರ ಹಾದು ಸೊನೌಲಿ ಗಡಿ ಮುಟ್ಟಲು ಎರಡು ಸಾವಿರ ಕಿ.ಮೀ.ಗೆ ಹತ್ತಿರ. ಅಲ್ಲಿಯವರೆಗೆ ನುಣುಪು ಹೆದ್ದಾರಿ. ಅದರ ಬಗ್ಗೆ ಹೇಳುವುದು ಕಡಿಮೆ: ಕತ್ತಲಾದ ಮೇಲೆ ಓಡಿಸಬೇಡಿ.

ಗಡಿಯ ಬಗ್ಗೆ ಮಾತ್ರ ಹೇಳುವುದು ಬಹಳ. ನಮಗೆ ವೀಸಾ ಬೇಡ, ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಸಾಕು. ಗಾಡಿಗೆ ಬೇಕಾದದ್ದು ‘ಭನ್ಸಾರ್’, ಅಂದರೆ ಅವರ ಕಸ್ಟಮ್ಸ್ ಕಚೇರಿಯ ಪರವಾನಗಿ. ಅದಕ್ಕೆ ಮೂಲ ಆರ್‌ಸಿ, ಲೈಸೆನ್ಸ್ ತೋರಿಸಿ ದಿನದ ಲೆಕ್ಕದಲ್ಲಿ ಹಣ ಕಟ್ಟಬೇಕು. ಎರಡು ದಿನ ಹೆಚ್ಚಿಗೆ ಕಟ್ಟಿಬಿಡಿ. ಗುಡ್ಡ ಕುಸಿದು ದಾರಿ ನಿಂತರೆ ದಂಡದ ಚಿಂತೆ ಇರುವುದಿಲ್ಲ. ಅಲ್ಲಿನ ಸರ್ಕಾರಿ ಕಾಗದಗಳಲ್ಲಿ ವಿಕ್ರಮ ಸಂವತ್ ಪ್ರಕಾರದ ತಾರೀಖು ಇರುತ್ತದೆ, ನಮ್ಮ ಕ್ಯಾಲೆಂಡರಿಗಿಂತ ಸುಮಾರು 57 ವರ್ಷ ಮುಂದೆ. ನಮ್ಮ ತಾರೀಖಿನಲ್ಲಿ ಕೊನೆಯ ದಿನ ಯಾವುದೆಂದು ಕಿಟಕಿಯಲ್ಲೇ ಕೇಳಿ ಬರೆದುಕೊಳ್ಳಿ. ಶನಿವಾರ ಅಲ್ಲಿ ವಾರದ ರಜೆ.

ಮನೆಯಲ್ಲೇ ಮುಗಿಸಬೇಕಾದ ಕೆಲಸವೊಂದಿದೆ. ನಮ್ಮ ಗಾಡಿಯ ವಿಮೆ ನೇಪಾಳಕ್ಕೆ ತಾನಾಗಿ ಅನ್ವಯಿಸುವುದಿಲ್ಲ. ಹೆಚ್ಚುವರಿ ಪ್ರೀಮಿಯಂ ಕಟ್ಟಿ ನೇಪಾಳವನ್ನೂ ಪಾಲಿಸಿಗೆ ಸೇರಿಸಿ ಬರೆಸಿಕೊಳ್ಳಬಹುದು. ತುಂಬಾ ಜನ ಇದನ್ನು ಬಿಟ್ಟೇ ಹೋಗುತ್ತಾರೆ. ಪರದೇಶದ ಘಾಟಿಯಲ್ಲಿ ಇನ್ನೊಬ್ಬರ ಗಾಡಿಗೆ ತಾಗಿದರೆ ಆ ಕಾಗದದ ಬೆಲೆ ಗೊತ್ತಾಗುತ್ತದೆ.

ದುಡ್ಡಿನ ಲೆಕ್ಕ ಸುಲಭ. 1993ರಿಂದ ನಮ್ಮ 100 ರೂಪಾಯಿಗೆ ಅವರ 160 ರೂಪಾಯಿ. ನೂರರ ನೋಟುಗಳನ್ನೇ ಇಟ್ಟುಕೊಳ್ಳಿ.

5. ನಮ್ಮ ದಸರಾ ಅವರ ದಶೈಂ. ಮಹಾನವಮಿಯ ನಾಡಿನವರಾದ ನಮಗೆ ದಸರಾ ರಜೆ ಅನುಕೂಲ ಅನಿಸುತ್ತದೆ. ಅದೇ ಹೊತ್ತಿಗೆ ನೇಪಾಳದ ದೊಡ್ಡ ಹಬ್ಬ, ಕಚೇರಿಗಳು ದಿನಗಟ್ಟಲೆ ಮುಚ್ಚಿರುತ್ತವೆ, ಊರಿಗೆ ಹೋಗುವವರಿಂದ ರಸ್ತೆ ತುಂಬಿರುತ್ತದೆ. ದೀಪಾವಳಿ ಕಳೆದ ಮೇಲೆ ಹೋಗಿ. ಮಳೆ ನಿಂತು ಆಕಾಶ ತೊಳೆದಂತಿರುತ್ತದೆ, ಧವಳಗಿರಿ, ಅನ್ನಪೂರ್ಣ ಎರಡೂ ಕಾಣುತ್ತವೆ.

6. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ. ಕೆಡುವುದಿಲ್ಲ, ತೂಕವಿಲ್ಲ.

7. ಮಧ್ಯಾಹ್ನದೊಳಗೆ ಗಂಡಕಿ ಕಣಿವೆ ದಾಟಿ. ನಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮ ಈ ಕಾಳಿ ಗಂಡಕಿಯದು. ಆ ಹೊಳೆಯ ಹಾಸಿನ ಪಕ್ಕದಲ್ಲಿ ಗಾಡಿ ಓಡುವಾಗ ನನಗೆ ಕಣ್ಣು ತುಂಬಿಬಂತು, ಅತ್ತೆಯವರನ್ನೂ ಕರೆತರಬೇಕಿತ್ತು ಅನಿಸಿತು. ಆದರೆ ಅಲ್ಲಿ ಮೈಮರೆಯುವಂತಿಲ್ಲ. ಜೋಮ್‌ಸೋಮ್, ಕಾಗಬೇನಿ ಭಾಗದಲ್ಲಿ ಹೊತ್ತೇರಿದಂತೆ ದಕ್ಷಿಣದಿಂದ ಗಾಳಿ ಏಳುತ್ತದೆ, ಮಧ್ಯಾಹ್ನಕ್ಕೆ ಮರಳು, ಸಣ್ಣ ಕಲ್ಲು ಎಲ್ಲ ಹಾರುತ್ತವೆ. ಜೋಮ್‌ಸೋಮಿನ ಪುಟ್ಟ ವಿಮಾನಗಳೂ ಬೆಳಿಗ್ಗೆಯೇ ಬಂದು ಹೋಗುವುದು ಇದೇ ಕಾರಣಕ್ಕೆ. ಎತ್ತರಕ್ಕೆ ಕಟ್ಟಿದ ಚೀಲ ಅಡ್ಡಗಾಳಿಯನ್ನು ಹಿಡಿದು ಗಾಡಿಯನ್ನು ಪಕ್ಕಕ್ಕೆ ನೂಕುತ್ತದೆ. ನಸುಕಿನಲ್ಲಿ ಹೊರಡಿಸುವ ಹೊಣೆ ಹಿಂದೆ ಕೂತವರದು. ‘ಏಳ್ರಿ, ಗಾಳಿ ಬರೂದ್ರೊಳಗ ಹೋಗೂಣು’ ಎನ್ನಲು ಸಂಕೋಚಪಡಬೇಡಿ.

8. ಎತ್ತರದಲ್ಲಿ ಯಾರಿಗೆ ತಲೆನೋವೋ ಅವರದೇ ತೀರ್ಮಾನ. ಪೋಖರಾ ಸುಮಾರು 800 ಮೀಟರ್, ಜೋಮ್‌ಸೋಮ್ 2,700, ಮುಕ್ತಿನಾಥ 3,700ಕ್ಕೂ ಮೇಲೆ. ಅಷ್ಟೆತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟಕ್ಕಿಂತ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ. ಎಂಜಿನ್ನಿನ ಶಕ್ತಿಯೂ ಕುಂದುತ್ತದೆ, ಕಡಿದಾದ ಏರಿನಲ್ಲಿ ಹಿಂದಿನವರು ಇಳಿದು ನಡೆಯಬೇಕಾಗಬಹುದು. ಆಗ ಏದುಸಿರು ಬಂದರೆ ನಿಲ್ಲಿ. ಜೋಮ್‌ಸೋಮ್ ಅಥವಾ ಕಾಗಬೇನಿಯಲ್ಲಿ ರಾತ್ರಿ ಮಲಗಿ, ಬೆಳಿಗ್ಗೆ ಮುಕ್ತಿನಾಥಕ್ಕೆ ಹತ್ತಿ, ದರ್ಶನ ಮಾಡಿ ಅದೇ ದಿನ ಇಳಿಯುವುದು ಮೈಗೆ ಹಿತ. ದೇವಸ್ಥಾನದ 108 ಧಾರೆಗಳ ನೀರು ಮಂಜಿನಷ್ಟು ತಣ್ಣಗಿರುತ್ತದೆ. ತಲೆನೋವು, ವಾಕರಿಕೆ ಇದ್ದವರು ಸ್ನಾನ ಬಿಟ್ಟು ಪ್ರೋಕ್ಷಣೆ ಮಾಡಿಕೊಳ್ಳಿ. ನೋವು ಹೆಚ್ಚಾದರೆ, ನಡಿಗೆ ತಪ್ಪಿದರೆ, ಮಾತು ತೊದಲಿದರೆ ಗುಳಿಗೆ ನುಂಗಿ ಕಾಯುತ್ತಾ ಕೂರಬೇಡಿ. ಕಾಗಬೇನಿ ಸುಮಾರು 900 ಮೀಟರ್ ಕೆಳಗಿದೆ. ದೇವಸ್ಥಾನದ ಬಾಗಿಲು ಕಣ್ಣೆದುರೇ ಇದ್ದರೂ ಭುಜಕ್ಕೆ ಎರಡು ತಟ್ಟಿ, ಗಾಡಿ ತಿರುಗಿಸಿ ಇಳಿಯಿರಿ.