ಮುತ್ತುಗದ ಹೂವೂ ಮಧ್ಯಾಹ್ನದ ಬಿಸಿಲೂ

ಶಿವರಾತ್ರಿ ಕಳೆದು ಯುಗಾದಿ ಸಮೀಪಿಸುತ್ತಿರುವ ದಿನಗಳಲ್ಲಿ ನಂಜನಗೂಡಿನಿಂದ ಗುಂಡ್ಲುಪೇಟೆಯ ಕಡೆಗೆ ಪ್ರಯಾಣ ಮಾಡಿದವರು ಒಂದು ನೋಟವನ್ನು ಮರೆಯಲಾರರು. ಕೊಯ್ಲಾದ ಹೊಲಗಳು ಒಣಗಿ ಬಿಳುಪೇರಿರುತ್ತವೆ. ಅವುಗಳ ಬದುಗಳಲ್ಲಿ ಮುತ್ತುಗದ ಮರಗಳು, ಮೈಮೇಲೆ ಒಂದೆಲೆಯೂ ಇಲ್ಲದೆ, ಕೊಂಬೆಕೊಂಬೆಗೂ ಕೆಂಡದಂಥ ಹೂಗಳನ್ನು ಹೊತ್ತು ನಿಂತಿರುತ್ತವೆ. ದೂರದಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟ ನೀಲಿಯಾಗಿ, ಮಸುಕುಮಸುಕಾಗಿ ತೋರುತ್ತದೆ. ಪಂಚಾಂಗದ ವಸಂತವು ಚೈತ್ರ ಶುದ್ಧ ಪಾಡ್ಯಕ್ಕೆ ಆರಂಭವಾಗುವುದಾದರೂ ಮರಗಳು ಪಂಚಾಂಗವನ್ನು ನೋಡಿ ಹೂ ಬಿಡುವುದಿಲ್ಲವಷ್ಟೆ.

ಕೆಲವು ವರ್ಷಗಳ ಹಿಂದೆ, ಮಾರ್ಚ್ ತಿಂಗಳ ಮೂರನೆಯ ವಾರದಲ್ಲಿ, ನಾವು ಈ ನೋಟವನ್ನು ಛಾಯಾಚಿತ್ರದಲ್ಲಿ ಹಿಡಿಯಬೇಕೆಂದು ಹೊರಟೆವು. ಸ್ಥಳವನ್ನು ತಲಪಿದಾಗ ಹಗಲು ಹನ್ನೆರಡು ಗಂಟೆ ಮೀರಿತ್ತು. ಬೆಳಕು ಬೇಕಾದಷ್ಟಿದೆ, ಇನ್ನು ಕೊರತೆ ಯಾವುದು ಎಂದುಕೊಂಡು ಚಿತ್ರದ ಮೇಲೆ ಚಿತ್ರ ತೆಗೆದೆವು. ಮನೆಗೆ ಬಂದು ನೋಡಿದರೆ ಆಕಾಶ ಸುಣ್ಣ ಬಳಿದ ಗೋಡೆಯಾಗಿತ್ತು. ಬೆಟ್ಟದ ಸುಳಿವೇ ಇರಲಿಲ್ಲ. ಮರದ ಕಾಂಡ ಇದ್ದಿಲಿನಂತಿತ್ತು. ಹೂಗಳಂತೂ ಕೆಂಪು ಶಾಯಿ ಚೆಲ್ಲಿದ ಕಲೆಗಳು. ಮುತ್ತುಗದ ಹೂವಿನ ದೋಣಿದಳವು ಗಿಳಿಯ ಕೊಕ್ಕಿನಂತೆ ಬಾಗಿರುತ್ತದೆ. ಸಂಸ್ಕೃತದ ‘ಕಿಂಶುಕ’ ಎಂಬ ಹೆಸರನ್ನು ‘ಇದೇನು ಗಿಳಿಯೆ?’ ಎಂದು ಬಿಡಿಸಿ ಹೇಳುವುದು ಅದರಿಂದಲೇ. ನಮ್ಮ ಚಿತ್ರಗಳಲ್ಲಿ ಗಿಳಿಯೂ ಇರಲಿಲ್ಲ, ಕೊಕ್ಕೂ ಇರಲಿಲ್ಲ.

ತಪ್ಪು ಕ್ಯಾಮರಾದ್ದಲ್ಲ. ವಸಂತಕಾಲದ ಬೆಳಕು ಮೃದುವಾದುದು, ಚಿತ್ರಣಕ್ಕೆ ಅನುಕೂಲವಾದುದು ಎಂದು ನಾವು ಪುಸ್ತಕಗಳಲ್ಲಿ ಓದಿದ್ದೆವು. ಆ ಪುಸ್ತಕಗಳನ್ನು ಬರೆದವರು ಯೂರೋಪಿನವರು ಎಂಬುದನ್ನು ಯೋಚಿಸಿರಲಿಲ್ಲ. ಮಾರ್ಚ್ 21ರ ಸುಮಾರಿಗೆ ಸೂರ್ಯನು ವಿಷುವದ್ವೃತ್ತದ ನೆತ್ತಿಯ ಮೇಲಿರುತ್ತಾನೆ. ಲಂಡನ್ನಿನ ಅಕ್ಷಾಂಶ ಸುಮಾರು 51.5 ಡಿಗ್ರಿ, ಆದುದರಿಂದ ಅಲ್ಲಿ ಅಂದಿನ ನಡುಹಗಲಿನ ಸೂರ್ಯ ದಿಗಂತದಿಂದ 38.5 ಡಿಗ್ರಿ ಮಾತ್ರ ಮೇಲೇರುತ್ತಾನೆ. ಗುಂಡ್ಲುಪೇಟೆಯ ಅಕ್ಷಾಂಶ ಸುಮಾರು 12 ಡಿಗ್ರಿ. ಇಲ್ಲಿ ಅವನ ಎತ್ತರ 78 ಡಿಗ್ರಿ.

ಈ ಅಂತರದ ಪರಿಣಾಮವನ್ನು ಗಣಿತ ಬಲ್ಲ ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. ಸಮತಟ್ಟಾದ ನೆಲದ ಮೇಲೆ ಬೀಳುವ ನೇರ ಬಿಸಿಲು ಸೂರ್ಯನ ಎತ್ತರದ ಸೈನಿಗೆ ಅನುಗುಣವಾಗಿರುತ್ತದೆ. ಸೂರ್ಯನಿಗೆ ಎದುರಾಗಿ ನೆಟ್ಟಗೆ ನಿಂತ ವಸ್ತುವಿನ ಮೇಲೆ ಬೀಳುವುದು ಕೊಸೈನಿಗೆ ಅನುಗುಣವಾಗಿರುತ್ತದೆ. ಲಂಡನ್ನಿನಲ್ಲಿ ನೆಲಕ್ಕೆ 0.62 ಪಾಲು, ನಿಂತ ಮರಕ್ಕೆ 0.78 ಪಾಲು. ನಮ್ಮಲ್ಲಿಯೋ ನೆಲಕ್ಕೆ 0.98 ಪಾಲು, ಮರಕ್ಕೆ ಬರಿಯ 0.21 ಪಾಲು! ಅಲ್ಲಿ ಬಿಸಿಲು ಮರಕ್ಕೆ ಬೀಳುತ್ತದೆ, ಇಲ್ಲಿ ಮರದ ಬುಡಕ್ಕೆ ಬೀಳುತ್ತದೆ. ಬಿಳುಪೇರಿದ ಹೊಲ ಕಣ್ಣು ಕುಕ್ಕುವಂತೆ ಬೆಳಗುತ್ತಿರುವಾಗ ಅದರ ಮುಂದಿನ ಕಾಂಡ ಇದ್ದಿಲಾದುದರಲ್ಲಿ ಆಶ್ಚರ್ಯವೇನಿದೆ?

ಹಾಗಾದರೆ ಕಷ್ಟ ಇರುವುದು ಬೆಳಕಿನ ಪ್ರಮಾಣದಲ್ಲಲ್ಲ, ಬೆಳಕುಗಳ ನಡುವಣ ಅನುಪಾತದಲ್ಲಿ. ನಡುಹಗಲಿನ ಬಿಸಿಲಿನ ಪ್ರಕಾಶ ಸುಮಾರು ಒಂದು ಲಕ್ಷ ಲಕ್ಸ್. ನೆರಳಿನಲ್ಲಿ ಅದು ಹತ್ತು ಸಾವಿರದ ಆಸುಪಾಸಿನಲ್ಲಿರುತ್ತದೆ. ಬಿಸಿಲಿನಲ್ಲಿ ನಿಂತ ರೈತನ ಬಿಳಿಯ ಪಂಚೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ಹಿಂದಿರುಗಿಸುತ್ತದೆ ಎನ್ನೋಣ. ನೆರಳಿನಲ್ಲಿರುವ ಕಪ್ಪು ತೊಗಟೆ ನೂರಕ್ಕೆ ಐದರಷ್ಟನ್ನು ಹಿಂದಿರುಗಿಸಲಿ. ಎರಡರ ಅನುಪಾತ 160ಕ್ಕೆ 1. ತೊಗಟೆಯ ಬಿರುಕುಗಳನ್ನೂ ಸೂರ್ಯನ ಬಳಿಯ ಆಕಾಶವನ್ನೂ ಸೇರಿಸಿದರೆ ಇದು ಸಾವಿರವನ್ನು ಸುಲಭವಾಗಿ ಮೀರುತ್ತದೆ. ಒಳ್ಳೆಯ ಕಾಗದದ ಮೇಲೆ ಮುದ್ರಿಸಿದ ಚಿತ್ರದಲ್ಲಿ ಅತಿ ಬಿಳುಪಿಗೂ ಅತಿ ಕಪ್ಪಿಗೂ ಇರುವ ಅನುಪಾತವಾದರೋ ಸುಮಾರು 100ಕ್ಕೆ 1 ಮಾತ್ರ. ಕಣ್ಣು ಒಂದೊಂದು ಕಡೆ ಹೊರಳಿದಾಗಲೂ ತನ್ನನ್ನು ಹೊಂದಿಸಿಕೊಳ್ಳುತ್ತದೆ. ನೆರಳನ್ನು ನೋಡುವಾಗ ನೆರಳಿಗೆ, ಆಕಾಶವನ್ನು ನೋಡುವಾಗ ಆಕಾಶಕ್ಕೆ. ಕ್ಯಾಮರಾ ಎಲ್ಲವನ್ನೂ ಒಂದೇ ಅಳತೆಯಿಂದ ಒಮ್ಮೆಗೇ ಅಳೆಯುತ್ತದೆ. ಖಂಡುಗವನ್ನು ಕೊಳಗಕ್ಕೆ ತುಂಬುವ ಕೆಲಸ ಇದು. ಏನನ್ನು ಚೆಲ್ಲಬೇಕೆಂದು ನಾವು ನಿರ್ಧರಿಸದಿದ್ದರೆ ಯಂತ್ರ ನಿರ್ಧರಿಸುತ್ತದೆ.

ಈ ತೊಡಕು ಛಾಯಾಗ್ರಹಣದಷ್ಟೇ ಹಳೆಯದು. 19ನೆಯ ಶತಮಾನದ ನಡುವಿನ ಗಾಜಿನ ಫಲಕಗಳು ನೀಲಿ ಮತ್ತು ಅತಿನೇರಳೆ ಬೆಳಕಿಗೆ ಮಾತ್ರ ಚೆನ್ನಾಗಿ ಸ್ಪಂದಿಸುತ್ತಿದ್ದುವು. ನೆಲಕ್ಕೆ ಸರಿಯಾಗುವಷ್ಟು ಬೆಳಕು ಕೊಟ್ಟರೆ ಆಕಾಶ ಬಿಳಿಯ ಹಾಳೆಯಾಗುತ್ತಿತ್ತು. 1856–57ರಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ತನ್ನ ಕೆಲವು ಸಮುದ್ರಚಿತ್ರಗಳಿಗೆ ಒಂದು ಉಪಾಯ ಹೂಡಿದನು: ಸಮುದ್ರಕ್ಕೊಂದು, ಆಕಾಶಕ್ಕೊಂದು ಬೇರೆಬೇರೆ ನೆಗೆಟಿವ್ ತೆಗೆದು ಎರಡನ್ನೂ ಒಂದೇ ಕಾಗದದ ಮೇಲೆ ಮುದ್ರಿಸಿದನು. ಇಂದಿನ ಮೊಬೈಲು ಫೋನು ಕ್ಷಣಾರ್ಧದಲ್ಲಿ ಹಲವು ಚಿತ್ರಗಳನ್ನು ತೆಗೆದು ಬೆಸೆಯುವುದಕ್ಕೆ ಇದೇ ಮೂಲಪುರುಷ ಎನ್ನಬಹುದು. 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ಫಲಕಕ್ಕೆ ಬಣ್ಣದ ದ್ರವ್ಯಗಳನ್ನು ಸೇರಿಸಿ ಹಸಿರು ಬೆಳಕೂ ಅದರ ಮೇಲೆ ಮೂಡುವ ಹಾಗೆ ಮಾಡಿದನು. ಕೆಂಪಿಗೂ ಸ್ಪಂದಿಸುವ ಫಲಕಗಳು ಮಾರುಕಟ್ಟೆಗೆ ಬಂದುದು 20ನೆಯ ಶತಮಾನದ ಆರಂಭದಲ್ಲಿ. ಅದಕ್ಕೆ ಮೊದಲು ಯಾರಾದರೂ ಮುತ್ತುಗದ ಚಿತ್ರ ತೆಗೆದಿದ್ದರೆ ಆ ಕೆಂಡದ ಹೂಗಳು ಕಾಗೆಯ ಹಿಂಡಿನಂತೆ ಕಪ್ಪಾಗಿ ಬಂದಿರುತ್ತಿದ್ದುವು.

ಇಂದಿನ ವಿದ್ಯುನ್ಮಾನ ಸಂವೇದಕದ ವಿಷಯಕ್ಕೆ ಬರೋಣ. ಬೆಳಕು ಇಮ್ಮಡಿಯಾಗುವುದನ್ನು ಛಾಯಾಗ್ರಾಹಕರು ಒಂದು ‘ಸ್ಟಾಪ್’ ಎನ್ನುತ್ತಾರೆ. ನಾವು ಮೆಟ್ಟಿಲು ಎನ್ನೋಣ. ಒಳ್ಳೆಯ ಸಂವೇದಕಗಳು ಹನ್ನೆರಡರಿಂದ ಹದಿನಾಲ್ಕು ಮೆಟ್ಟಿಲುಗಳನ್ನು ದಾಖಲಿಸಬಲ್ಲವು. ಅಂದರೆ ನಮ್ಮ ಹೊಲ, ಮರ, ಬೆಟ್ಟಗಳೆಲ್ಲ ಅದರಲ್ಲಿ ಹಿಡಿಸುತ್ತವೆ. ಆದರೆ ಮೆಟ್ಟಿಲುಗಳೆಲ್ಲ ಸಮವಲ್ಲ. ಕ್ಯಾಮರಾ ಯಾವ ಸಂಸ್ಕಾರವನ್ನೂ ಮಾಡದೆ ಉಳಿಸುವ ‘ರಾ’ ಕಡತದಲ್ಲಿ, 14 ಬಿಟ್ಟುಗಳ ಲೆಕ್ಕದಲ್ಲಿ, 16,384 ಅಂತಸ್ತುಗಳಿರುತ್ತವೆ. ಅವುಗಳಲ್ಲಿ ಅತ್ಯಂತ ಬೆಳಗುವ ಮೆಟ್ಟಿಲೊಂದೇ 8,192ನ್ನು ಬಳಸಿಕೊಳ್ಳುತ್ತದೆ. ಅದರ ಕೆಳಗಿನದಕ್ಕೆ 4,096. ಹೀಗೆ ಇಳಿಯುತ್ತ ಹತ್ತನೆಯ ಮೆಟ್ಟಿಲಿಗೆ ಉಳಿಯುವುದು ಕೇವಲ 16. ಕ್ಯಾಮರಾ ತಾನೇ ಸಿದ್ಧಪಡಿಸಿ ಕೊಡುವ ಜೆಪೆಗ್ ಚಿತ್ರದಲ್ಲಿ ಪ್ರತಿಯೊಂದು ಬಣ್ಣಕ್ಕೂ ಒಟ್ಟು 256 ಅಂತಸ್ತುಗಳು ಮಾತ್ರ. ಆದುದರಿಂದ ಕಷ್ಟದ ಬೆಳಕಿನಲ್ಲಿ ರಾ ಕಡತವನ್ನೇ ಉಳಿಸಬೇಕು.

ನೆರಳಿಗೆ ಇನ್ನೊಂದು ಶತ್ರುವುಂಟು, ಮತ್ತು ಅದು ಬೆಳಕಿನ ಸ್ವಭಾವದಲ್ಲಿಯೇ ಇದೆ. ಬೆಳಕು ಫೋಟಾನುಗಳಾಗಿ, ಮಳೆಹನಿಗಳಂತೆ ಹೊತ್ತುಗೊತ್ತಿಲ್ಲದೆ ಬಂದು ಬೀಳುತ್ತದೆ. ಒಂದು ಬಿಂದುವಿನ ಮೇಲೆ ಸರಾಸರಿ 10,000 ಫೋಟಾನುಗಳು ಬೀಳುವಂತಿದ್ದರೆ ಅದರ ಏರಿಳಿತ ವರ್ಗಮೂಲದಷ್ಟು, ಎಂದರೆ 100; ನೂರಕ್ಕೆ ಒಂದು ಪಾಲು. ನೆರಳಿನಲ್ಲಿ 100 ಫೋಟಾನುಗಳು ಮಾತ್ರ ಬಿದ್ದರೆ ಏರಿಳಿತ 10. ನೂರಕ್ಕೆ ಹತ್ತು ಪಾಲು! ನೆರಳನ್ನು ಆಮೇಲೆ ಬೆಳಗಿಸಿದಾಗ ಕಾಣುವ ಮರಳುಮರಳಾದ ಕಲೆ ಇದೇ. ಎಷ್ಟೇ ಬೆಲೆಯ ಕ್ಯಾಮರಾ ಕೊಂಡರೂ ಇದರಿಂದ ಪೂರ್ತಿ ಬಿಡುಗಡೆಯಿಲ್ಲ. ಇತ್ತ ಬೆಳಕಿನ ಕಡೆಯಲ್ಲಿ ಸಂವೇದಕ ತುಂಬಿ ಚೆಲ್ಲಿತೆಂದರೆ ಅಲ್ಲಿ ಏನಿತ್ತೆಂಬುದನ್ನು ಯಾವ ಸಂಸ್ಕರಣವೂ ಹಿಂದಕ್ಕೆ ತರಲಾರದು. ನೆರಳಿನ ನಷ್ಟ ಸ್ವಲ್ಪಸ್ವಲ್ಪವಾಗಿ ಆಗುವಂಥದು. ಬೆಳಕಿನ ನಷ್ಟ ಒಮ್ಮೆಗೇ ಆಗುವಂಥದು. ಆದಕಾರಣ ಬೆಲೆಯುಳ್ಳ ಬೆಳಕು ಚೆಲ್ಲದ ಹಾಗೆ, ಆದರೆ ಅದರ ಅಂಚಿನವರೆಗೂ, ಬೆಳಕು ಕೊಡುವುದು ವಿವೇಕ. ಬೆಲೆಯುಳ್ಳ ಬೆಳಕು ಎಂದುದನ್ನು ಗಮನಿಸಬೇಕು. ಚಿತ್ರದೊಳಗೆ ಸೂರ್ಯನೇ ಇದ್ದರೆ ಅವನನ್ನು ಉಳಿಸಲು ಹೋಗಿ ಮಿಕ್ಕುದನ್ನೆಲ್ಲ ಕತ್ತಲಿಗೆ ತಳ್ಳುವುದು ಮೂರ್ಖತನ.

ಇಷ್ಟನ್ನು ಪಾಲಿಸಿದರೂ ಮುತ್ತುಗದ ಹೂ ಕೈಕೊಡುವುದುಂಟು. ಇದರ ಕಾರಣ ಸ್ವಾರಸ್ಯವಾಗಿದೆ. ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟು ಪಡೆದ ಏರ್ಪಾಟಿನಂತೆ ಬಹುಪಾಲು ಸಂವೇದಕಗಳಲ್ಲಿ ನಾಲ್ಕು ಬಿಂದುಗಳಿಗೆ ಎರಡು ಹಸಿರಿಗೆ, ಒಂದು ಕೆಂಪಿಗೆ, ಒಂದು ನೀಲಿಗೆ ಮೀಸಲು. ಒಟ್ಟು ಪ್ರಕಾಶವನ್ನು ಲೆಕ್ಕ ಹಾಕುವಾಗ ನಮ್ಮ ಕಣ್ಣಿನ ಧರ್ಮವನ್ನು ಅನುಸರಿಸಿ ಹಸಿರಿಗೆ ನೂರಕ್ಕೆ ಸುಮಾರು 72, ಕೆಂಪಿಗೆ 21, ನೀಲಿಗೆ 7 ಪಾಲು ಕೊಡುವುದು ರೂಢಿ. ಮುತ್ತುಗದ ದಳ ಕೆಂಪನ್ನು ಧಾರಾಳವಾಗಿ ಹಿಂದಿರುಗಿಸಿ ನೀಲಿಯನ್ನು ನುಂಗಿಬಿಡುತ್ತದೆ. ಕೆಂಪಿನ ಪಾಲು ತುಂಬಿ ಚೆಲ್ಲುತ್ತಿದ್ದರೂ ಕ್ಯಾಮರಾದ ಹಿಸ್ಟೋಗ್ರಾಮ್ ಎಂಬ ಒಟ್ಟು ನಕ್ಷೆ ‘ಎಲ್ಲವೂ ಕ್ಷೇಮ’ ಎನ್ನುತ್ತಿರುತ್ತದೆ. ಮೂರು ಬಣ್ಣಗಳ ನಕ್ಷೆಗಳನ್ನು ಬೇರೆಬೇರೆಯಾಗಿ ನೋಡಿದರೆ ಮಾತ್ರ ಗುಟ್ಟು ರಟ್ಟಾಗುತ್ತದೆ.

ಸಮಾಧಾನದ ಸಂಗತಿಯೂ ಒಂದಿದೆ. ಸಾಮಾನ್ಯವಾಗಿ ಹಗಲಿನ ಬೆಳಕಿನಲ್ಲಿ ಸಂವೇದಕಕ್ಕೆ ಕೆಂಪು ಹಸಿರಿಗಿಂತ ಕಡಿಮೆಯಾಗಿ ದಾಖಲಾಗುತ್ತದೆ. ಬಣ್ಣಗಳನ್ನು ಸಮಗೊಳಿಸುವಾಗ ಅದನ್ನು ಇಮ್ಮಡಿಯಷ್ಟು ಹೆಚ್ಚಿಸಬೇಕಾಗುತ್ತದೆ. ಚೆಲ್ಲಾಟ ನಡೆಯುವುದು ಎಷ್ಟೋ ವೇಳೆ ಈ ಹಂತದಲ್ಲಿ. ಮೂಲ ಕಡತದಲ್ಲಿ ದಳದ ಮಡಿಕೆ, ರೇಷ್ಮೆಯಂಥ ರೋಮ ಎಲ್ಲವೂ ಭದ್ರವಾಗಿರಬಹುದು. ಜೊತೆಗೆ, ಸಾಮಾನ್ಯ ಗಣಕಯಂತ್ರದ ತೆರೆ ತೋರಿಸಬಲ್ಲ ಕೆಂಪು ಕಿತ್ತಳೆಗಳಿಗಿಂತ ಈ ಹೂವಿನ ಬಣ್ಣ ಹೆಚ್ಚು ಗಾಢವಾದುದು. ಆದುದರಿಂದ ಇಂಥ ಚಿತ್ರದಲ್ಲಿ ಬಣ್ಣದ ಗಾಢತೆಯನ್ನು ಏರಿಸಬಾರದು, ಇಳಿಸಬೇಕು. ಕೆಂಪನ್ನು ಸ್ವಲ್ಪ ಇಳಿಸಿದೊಡನೆ ಹೂವಿನ ಆಕಾರ ಮೇಲೆದ್ದು ಬರುವುದನ್ನು ವಿದ್ಯಾರ್ಥಿಗಳು ಮಾಡಿ ನೋಡಲಿ. ಹೂಗಳ ಬಣ್ಣ ಭೌತವಿಜ್ಞಾನಿಗೆ ತಕ್ಕ ವಿಷಯವಲ್ಲ ಎಂದು ಯಾರೂ ಮೂಗು ಮುರಿಯಬೇಕಾಗಿಲ್ಲ, ಸರ್ ಸಿ. ವಿ. ರಾಮನ್ ಅವರು 1960ರ ದಶಕದಲ್ಲಿ ಬೆಂಗಳೂರಿನಲ್ಲಿ ಹೂಗಳ ಬಣ್ಣವನ್ನೂ ದೃಷ್ಟಿಯ ವ್ಯಾಪಾರವನ್ನೂ ವರ್ಷಗಟ್ಟಲೆ ಅಭ್ಯಾಸ ಮಾಡಿದರು.

ಬೆಟ್ಟ ಮಾಯವಾದುದೇಕೆ? ಶುದ್ಧ ವಾಯುವಿನ ಅಣುಗಳು ಬೆಳಕನ್ನು ಚದರಿಸುವ ಪ್ರಮಾಣ ತರಂಗದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. 450 ನ್ಯಾನೊಮೀಟರಿನ ನೀಲಿ 650 ನ್ಯಾನೊಮೀಟರಿನ ಕೆಂಪಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಚದರುತ್ತದೆ. ದೂರದ ಬೆಟ್ಟ ನೀಲಿಯಾಗುವುದು ಇದರಿಂದ. ಮಾರ್ಚಿನ ಧೂಳೂ ಹೊಗೆಯೂ ದಪ್ಪ ಕಣಗಳು. ಅವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ಚದರಿಸಿ ಬಿಳಿಯ ತೆರೆ ಎಳೆಯುತ್ತವೆ. ಕಪ್ಪುಬಿಳುಪಿನ ಚಿತ್ರ ಬೇಕಾದವರು ಕೆಂಪಿನ ಪಾಲನ್ನು ಮಾತ್ರ ಆರಿಸಿಕೊಂಡರೆ ಬೆಟ್ಟ ಸಾಕಷ್ಟು ಸ್ಪಷ್ಟವಾಗುತ್ತದೆ. ಧ್ರುವೀಕರಣ ಶೋಧಕವೂ ಉಪಯುಕ್ತ. ಸೂರ್ಯನಿಂದ 90 ಡಿಗ್ರಿ ದೂರದ ಆಕಾಶದಲ್ಲಿ ಅದರ ಪ್ರಭಾವ ಅತ್ಯಧಿಕ, ಅರಳಿ ಹೊಂಗೆಗಳ ಎಳೆಯ ಚಿಗುರಿನ ಮೇಲಣ ಹೊಳಪನ್ನೂ ಅದು ತೊಡೆಯುತ್ತದೆ. ಧೂಳಿನ ಮುಂದೆ ಮಾತ್ರ ಅದರ ಆಟ ಹೆಚ್ಚು ನಡೆಯದು.

ಮರುವರ್ಷ ಅದೇ ವಾರದಲ್ಲಿ ನಾವು ಅದೇ ಬದುವಿಗೆ ಬೆಳಗ್ಗೆ ಆರು ಗಂಟೆಗೇ ಹೋದೆವು. ಅಲ್ಲಿ ಆಗ ಸೂರ್ಯೋದಯ ಆರೂವರೆಯ ಸುಮಾರಿಗೆ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಗಂಟೆಗೆ 14.7 ಡಿಗ್ರಿಯಂತೆ ಏರುತ್ತಾನೆ, ಲಂಡನ್ನಿನಲ್ಲಿ 9.3 ಡಿಗ್ರಿಯಂತೆ. ಮೆತ್ತನೆಯ ಬೆಳಕು ನಮಗೆ ಅವರಿಗಿಂತ ಕಡಿಮೆ ಹೊತ್ತು. ಏಳೂಕಾಲಕ್ಕೆ ಸೂರ್ಯ 11 ಡಿಗ್ರಿ ಎತ್ತರದಲ್ಲಿದ್ದನು. ಲೆಕ್ಕ ಈಗ ತಲೆಕೆಳಗಾಗಿತ್ತು: ಮರಕ್ಕೆ 0.98 ಪಾಲು, ನೆಲಕ್ಕೆ 0.19. ಕಾಂಡದ ತೊಗಟೆ ಒಂದೊಂದು ಬಿರುಕೂ ಕಾಣುವಂತೆ ಬೆಳಗಿತು. ಮುಕ್ಕಾಲಿಯ ಮೇಲೆ ಕ್ಯಾಮರಾ ನಿಲ್ಲಿಸಿ, ಕೆಂಪಿನ ನಕ್ಷೆಯನ್ನು ನೋಡಿಕೊಂಡು, ಎರಡೆರಡು ಮೆಟ್ಟಿಲು ಅಂತರದಲ್ಲಿ ಮೂರು ಚಿತ್ರ ತೆಗೆದೆವು. ಬೆಸೆಯುವ ಆಲೋಚನೆ ಫಲಿಸಲಿಲ್ಲ. ಗಾಳಿಗೆ ಕೊಂಬೆಗಳು ಅಲುಗಿ ಒಂದು ಹೂ ಮೂರಾಗಿ ಮೂಡಿತು. ನಡುವಿನ ಚಿತ್ರವೊಂದೇ ಸಾಕಾಯಿತು.

ಸಂಸ್ಕರಣಕ್ಕೆ ಹಿಡಿದುದು ಹತ್ತು ನಿಮಿಷ. ಬಿಳುಪಿನ ಹೊಂದಾಣಿಕೆಯನ್ನು ಯಂತ್ರದ ಇಷ್ಟಕ್ಕೆ ಬಿಡದೆ ಹಗಲಿನ ಬೆಳಕಿನ 5,500 ಕೆಲ್ವಿನ್ನಿಗೆ ನಿಲ್ಲಿಸಿದೆವು. ಬಿಟ್ಟಿದ್ದರೆ ಅದು ಮುಂಜಾವದ ಹೊಂಬಣ್ಣವನ್ನು ದೋಷವೆಂದು ಬಗೆದು ತೊಳೆದುಬಿಡುತ್ತಿತ್ತು. ಆಮೇಲೆ ನೆರಳನ್ನು ಒಂದು ಮೆಟ್ಟಿಲು ಏರಿಸಿ, ಆಕಾಶವನ್ನು ಅಷ್ಟೇ ಇಳಿಸಿ, ಕೆಂಪಿನ ಗಾಢತೆಯನ್ನು ತಗ್ಗಿಸಿದೆವು.

ಹೀಗೆ ತಿದ್ದಿದ ಚಿತ್ರ ಸುಳ್ಳಲ್ಲವೆ ಎಂದು ಕೆಲವರು ಕೇಳುತ್ತಾರೆ. ನಮ್ಮ ಅಭಿಪ್ರಾಯದಲ್ಲಿ, ಅಲ್ಲಿಂದ ಕ್ಯಾಮರಾಕ್ಕೆ ಬಂದ ಬೆಳಕನ್ನು ಕಾಗದಕ್ಕೆ ಹಿಡಿಸುವಂತೆ ಅಡಕಗೊಳಿಸುವುದು ಸುಳ್ಳಲ್ಲ, ಅದು ಅನಿವಾರ್ಯ. ಬಾರದ ಬೆಳಕನ್ನು ಸೇರಿಸುವುದು ಸುಳ್ಳು. ಇನ್ನೊಂದು ದಿನದ ಮೋಡವನ್ನು ತಂದು ಅಂಟಿಸಿದ ಚಿತ್ರ ಸುಂದರವಾಗಿರಬಹುದು, ಆದರೆ ಆ ಮರ ಆ ದಿನ ಹೇಗಿತ್ತೆಂಬುದಕ್ಕೆ ಅದು ಸಾಕ್ಷಿಯಾಗದು. ಯಾವ ಮರ ಯಾವ ವಾರ ಹೂಬಿಟ್ಟಿತೆಂಬುದನ್ನು ಹವಾಮಾನದ ಬದಲಾವಣೆಯ ಅಭ್ಯಾಸಿಗಳು ಈಗ ಆಸಕ್ತಿಯಿಂದ ಹುಡುಕುತ್ತಿದ್ದಾರೆ. ದಿನಾಂಕವಿರುವ ಸಾಮಾನ್ಯ ಚಿತ್ರವೂ ಅವರಿಗೆ ಬೇಕಾದುದೇ.

ನಮ್ಮ ಚಿತ್ರದಲ್ಲಿ ಈಗ ಗಿಳಿಯ ಕೊಕ್ಕು ಕಾಣುತ್ತದೆ, ಅದರ ಬುಡದ ಕಂದುಕಪ್ಪಿನ ಮಖಮಲ್ಲಿನಂಥ ಪುಷ್ಪಪಾತ್ರೆಯೂ ಕಾಣುತ್ತದೆ. ಗೋಪಾಲಸ್ವಾಮಿ ಬೆಟ್ಟವನ್ನು ಇನ್ನಷ್ಟು ಸ್ಪಷ್ಟಗೊಳಿಸುವ ಸಾಧನ ಗಣಕಯಂತ್ರದಲ್ಲಿತ್ತು. ಆ ಬೆಳಗ್ಗೆ ಧೂಳು ಕವಿದಿತ್ತಾದ್ದರಿಂದ ಅದನ್ನು ಮಸುಕಾಗಿಯೇ ಬಿಟ್ಟೆವು.